ಡರ್ಬಿಗೆ ಹೊರಟ ಪಾಯಸ

ಡಿಸೆಂಬರ್ ೧೪, ಭಾನುವಾರ

ಇವತ್ತಿಗೆ ಐವತ್ತೆರಡು ದಿನ. ಕಾಳಿಪೂಜೆಯ ವಾರ ಬಂದ ಜ್ವರ ನಾಲ್ಕೇ ದಿನದಲ್ಲಿ ಹೋಯಿತು, ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹಿಂಗು ಸುಟ್ಟರೂ ತಿಳಿಯುವುದಿಲ್ಲ, ಮಲ್ಲಿಗೆ ಮುಡಿದರೂ ತಿಳಿಯುವುದಿಲ್ಲ. ನಾಲಿಗೆಯೂ ಮರಗಟ್ಟಿದೆ. ಹುಣಸೆಯ ಹುಳಿ ಮಾತ್ರ ಎಲ್ಲೋ ದೂರದಲ್ಲಿ ನಿಂತು ಕರೆದ ಹಾಗಾಗುತ್ತದೆ. ಕಸ್ಬಾದ ಡಾಕ್ಟರು "ಬರಬಹುದು, ತಡವಾಗಬಹುದು, ಬಾರದೆಯೂ ಇರಬಹುದು" ಎಂದರು. ಅಷ್ಟನ್ನು ನಮ್ಮ ಜೋಯಿಸರೂ ಹೇಳುತ್ತಿದ್ದರು.

ಯಾರಿಗೂ ಹೇಳಿಲ್ಲ. ಪ್ರಣೀತಾ ಸೆಕ್ಟರ್ ಫೈವಿನ ತನ್ನ ಆಫೀಸಿನಿಂದ ತಂದ ಈ ನೋಟುಪುಸ್ತಕಕ್ಕೆ ಮಾತ್ರ ಹೇಳುತ್ತಿದ್ದೇನೆ. ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಅದೊಂದು ಅನುಕೂಲ.

ಮೂವತ್ತೊಂದು ವರ್ಷದಿಂದ ಜಾದವ್‌ಪುರದ ಈ ಮೆಸ್ಸಿನ ಒಲೆ ನನ್ನದು. ನಮ್ಮಲ್ಲಿ ದೇವರಿಗೆ ತೋರಿಸುವ ಮೊದಲು ಅಡುಗೆಯ ರುಚಿ ನೋಡುವ ಹಾಗಿಲ್ಲ, ನೋಡಿದರೆ ಎಂಜಲು. ಬೇರೆಯವರು ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ ನೋಡುತ್ತಾರೆ, ನಮ್ಮ ಅತ್ತೆ ನನಗೆ ಕಲಿಸಿದ್ದು ಮೂಗಿನಿಂದ. ಉಪ್ಪು ಬಿದ್ದ ಸಾರಿನ ಹಬೆ ಬೇರೆ, ಬೀಳದ ಸಾರಿನ ಹಬೆ ಬೇರೆ. ಮೂಗಿಲ್ಲದವಳು ಆ ಒಲೆಯ ಮುಂದೆ ನಿಂತು ಏನು ಮಾಡಬೇಕು? ಇವರಿಗೆ ತಿಳಿದರೆ ಉಡುಪಿಗೆ ಫೋನ್ ಮಾಡಿ ಅಡುಗೆಯ ವಿನಾಯಕ ಭಟ್ಟನನ್ನು ಕರೆಸುತ್ತಾರೆ. ಈಗಾಗಲೇ ಎರಡು ಸಲ "ನಿನಗೂ ವಯಸ್ಸಾಯ್ತು ಮುಕ್ತಾ" ಎಂದಾಗಿದೆ. ಸೌಟು ಹೋದ ಮೇಲೆ ನಾನು ಈ ಮನೆಯಲ್ಲಿ ಯಾರು ಎಂದು ನನಗೇ ಗೊತ್ತಿಲ್ಲ.

ಇದರ ಮಧ್ಯೆ ಹಿರಿಯಣ್ಣನವರದ್ದೊಂದು ಹೊಸ ರಾಗ. ಮೈಸೂರಿನವರು, ಭೂಗರ್ಭ ಇಲಾಖೆಯಿಂದ ನಿವೃತ್ತರಾಗಿ ಇಲ್ಲೇ ಉಳಿದವರು. ನಲವತ್ತು ವರ್ಷದಲ್ಲಿ ಕುದುರೆ ಓಟದ ಒಂದು ಡರ್ಬಿಯನ್ನೂ ಬಿಟ್ಟವರಲ್ಲ. ಈ ಸಲ ಡರ್ಬಿಯ ದಿನವೇ ಅವರಿಗೆ ಎಪ್ಪತ್ತು ತುಂಬುತ್ತದೆ. ಬೆಳಿಗ್ಗೆ ಮೆಸ್ಸಿಗೆ ಬಂದು ನಮ್ಮ ಭಾನುವಾರದ ಗುಂಪನ್ನೆಲ್ಲ ಕೂರಿಸಿಕೊಂಡು ಘೋಷಿಸಿದರು.

"ನೋಡ್ರಪ್ಪಾ, ಟ್ಯಾಕ್ಸೀಲಿ ಹೋಗಿ ಹೋಗಿ ಸಾಕಾಗಿದೆ. ಈ ಸಲ ಬ್ಯಾರಕ್‌ಪುರದಿಂದ ಲಾಂಚ್ ಮಾಡ್ಕೊಂಡು ಹೊಳೆ ಮೇಲೇ ಹೋಗೋಣ. ಬಾಬುಘಾಟಲ್ಲಿ ಇಳಿದ್ರೆ ರೇಸ್ ಕೋರ್ಸು ನಡೆಯೋ ದೂರ. ಊಟ ದೋಣೀಲೇ, ಅಡುಗೆ ಮುಕ್ತಾ ಅವರದ್ದು. ನೊಲೆನ್ ಗುಡ್ ಬೆಲ್ಲದ ಪಾಯಸ ಇರ್ಲೇಬೇಕು."

ಇಪ್ಪತ್ತೆರಡು ಜನ. ನಾನು "ಆಯ್ತು" ಎಂದೆ. ಬೇರೆ ಏನು ಹೇಳಲಿ?

ಡಿಸೆಂಬರ್ ೧೭, ಬುಧವಾರ

ನಿನ್ನೆಯಿಂದ ಧನುರ್ಮಾಸ. ನಸುಕಿಗೇ ಎದ್ದು ಮಹಡಿಯ ದೇವರ ಅಡುಗೆಕೋಣೆಯಲ್ಲಿ ಹುಗ್ಗಿ ಮಾಡಿ ಕೃಷ್ಣನಿಗೆ ಇಡಬೇಕು. ಕೆಳಗೆ ಮೆಸ್ಸಿನಲ್ಲಾದರೆ ಜನ ಇರುತ್ತಾರೆ, ಸದ್ದು ಇರುತ್ತದೆ. ಮೇಲೆ ನಾನೊಬ್ಬಳೇ. ಹೆಸರುಬೇಳೆ, ಅಕ್ಕಿ, ಮೆಣಸು, ಶುಂಠಿ, ತುಪ್ಪ. ಉಪ್ಪು ಹಾಕಿದೆನೋ ಇಲ್ಲವೋ ಎಂದು ಸೌಟು ಹಿಡಿದು ನಿಂತೆ. ಮೊದಲಾದರೆ ಹಬೆ ಹೇಳುತ್ತಿತ್ತು. ಹಾಕಿರಬೇಕು, ಮೂವತ್ತು ವರ್ಷದ ಕೈ ಎಂದುಕೊಂಡೆ.

ಇವರು ಪ್ರಸಾದ ತಿನ್ನಲು ಕೂತು ಉಪ್ಪಿನಕಾಯಿ ಕೇಳಿದರು. ಹುಗ್ಗಿಗೆ ಯಾರಾದರೂ ಉಪ್ಪಿನಕಾಯಿ ಹಚ್ಚಿಕೊಳ್ಳುತ್ತಾರೆಯೇ? ವಯಸ್ಸಾದದ್ದು ಯಾರಿಗೋ.

ಡಿಸೆಂಬರ್ ೨೧, ಭಾನುವಾರ

ಹಿರಿಯಣ್ಣ ಬೆಳಗಿನ ಜಾವವೇ ಕಾರು ತಂದು ನಮ್ಮಿಬ್ಬರನ್ನು ಮೈದಾನಕ್ಕೆ ಕರೆದುಕೊಂಡು ಹೋದರು, ಕುದುರೆಗಳ ಅಭ್ಯಾಸ ತೋರಿಸಲು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ವಿಕ್ಟೋರಿಯಾದ ಗುಮ್ಮಟ ಕಾಣಲಿಲ್ಲ, ನನ್ನ ಚಪ್ಪಲಿಯೂ ಸರಿಯಾಗಿ ಕಾಣಲಿಲ್ಲ. ಮೊದಲು ಗೊರಸಿನ ಸದ್ದು ನೆಲದೊಳಗಿಂದ ಬಂತು. ಆಮೇಲೆ ಒಂದು ಕುದುರೆ, ಕಂದು ಬಣ್ಣದ್ದು, ಕಾಲುಗಳಿಲ್ಲದೆ ತೇಲಿಕೊಂಡು ಬಂದು ತೇಲಿಕೊಂಡೇ ಹೋಯಿತು. ಅದರ ಉಸಿರು ಮಾತ್ರ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.

ಬೇಲಿಯ ಆಚೆ ಲಾಯದವನೊಬ್ಬ ನಿಂತಿದ್ದ. ಓಡಿ ಬಂದ ಕುದುರೆ ಅವನ ಅಂಗಿಗೆ ಮೂಗು ಒತ್ತಿ ಉದ್ದಕ್ಕೆ ಉಸಿರೆಳೆಯಿತು. ಅವನು ಅಲ್ಲಾಡದೆ ನಿಂತುಕೊಂಡ.

"ಕುದುರೆ ಕಣ್ಣಿಂದ ನಂಬಲ್ಲ ಮುಕ್ತಾ ಅವರೇ" ಎಂದರು ಹಿರಿಯಣ್ಣ. "ಮೂಗಿಂದ ನಂಬುತ್ತೆ. ತನ್ನವನು ಅಂತ ವಾಸನೆ ಹೇಳಿದ್ರೆ ಮುಗೀತು, ಬೆಂಕಿಗೂ ಅವನ ಹಿಂದೆ ಹೋಗುತ್ತೆ."

ನನಗೆ ಕುದುರೆಯ ಮೇಲೆ ಹೊಟ್ಟೆಕಿಚ್ಚಾಯಿತು. ಕುದುರೆಯ ಮೇಲೆ ಹೊಟ್ಟೆಕಿಚ್ಚುಪಟ್ಟ ಹೆಂಗಸು ಉಡುಪಿ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಡಿಸೆಂಬರ್ ೨೬, ಶುಕ್ರವಾರ

ಶೀನನ ಬಾಯಿ ಈಗೀಗ ಮುಚ್ಚುವುದೇ ಇಲ್ಲ. ಕಟಪಾಡಿಯಿಂದ ಬಂದು ಇಪ್ಪತ್ತೆರಡು ವರ್ಷವಾಯಿತು, ತಲೆ ನೆರೆಯಿತು, ಇಷ್ಟು ವರ್ಷದಲ್ಲಿ ದಿನಕ್ಕೆ ಹತ್ತು ಮಾತು ಆಡಿದವನಲ್ಲ. ತರಕಾರಿ ಹೆಚ್ಚುವುದು, ರುಬ್ಬುವುದು, ಪಾತ್ರೆ ಎಲ್ಲ ಅವನದ್ದು. ಒಲೆಮನೆಯ ಹೊಸ್ತಿಲು ಮಾತ್ರ ದಾಟುವುದಿಲ್ಲ. ಅದು ಅತ್ತೆಯ ಕಾಲದ ಗೆರೆ, ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಆ ಹೊಸ್ತಿಲಲ್ಲೇ ಕೂತು ಕಾಯಿ ತುರಿಯುತ್ತಾ ಆಕಾಶವಾಣಿಯ ಹಾಗೆ ಮಾತಾಡುತ್ತಾನೆ.

"ಸಾಸಿವೆ ಆಯ್ತಮ್ಮ, ಇನ್ನು ಬಿಟ್ರೆ ಕಪ್ಪಾಗ್ತದೆ."

"ಇವತ್ತಿನ ಹುಳಿ ಕೊದ್ದೆಲ್ ಊರಿಗೆಲ್ಲ ಘಂ ಅಂತ ಉಂಟು. ಉಪ್ಪು ಮಾತ್ರ ಇನ್ನೊಂದು ಚಿಟಿಕೆ ಬೇಕಾ ಅಂತ."

"ಹಾಲು ಬದಿಯಲ್ಲಿ ಹಿಡೀತಾ ಉಂಟು ಕಾಣ್ತದೆ."

"ನನಗೆ ಗೊತ್ತಿಲ್ವಾ ಮಾರಾಯ, ನಿನ್ನ ಕೆಲಸ ನೋಡು" ಎಂದು ಗದರಿದೆ. ಅವನು ನಕ್ಕು ಕಾಯಿ ತುರಿದ. ಹತ್ತು ನಿಮಿಷಕ್ಕೆ ಮತ್ತೆ ಶುರು. ಕೇಳಿದ್ದಕ್ಕೆ ಚಿಟಿಕೆ ಉಪ್ಪು ಹಾಕಿದೆ, ಸುಮ್ಮನಿರಲಿ ಎಂದು.

ಇವರು ಬೆಳಿಗ್ಗೆ ಹುಗ್ಗಿ ತಿಂದು ಮೂರು ಲೋಟ ನೀರು ಕುಡಿದರು. ಈ ಚಳಿಯಲ್ಲಿ ಇದೆಂಥ ಬಾಯಾರಿಕೆಯೋ.

ಡಿಸೆಂಬರ್ ೩೧, ಬುಧವಾರ

ಏಕಾದಶಿ. ಮೆಸ್ಸಿಗೆ ರಜೆ, ಒಲೆಗೆ ರಜೆ, ನನ್ನ ಸುಳ್ಳಿಗೂ ಒಂದು ದಿನ ರಜೆ.

ಮಧ್ಯಾಹ್ನ ಬಿಸಿಲಿಗೆ ಚಾಪೆ ಹಾಕಿ ಮಲಗಿದ್ದವಳಿಗೆ ಕನಸು ಬಿತ್ತು. ಕನಸಿನಲ್ಲಿ ವಾಸನೆ ಇದೆ. ಎಲ್ಲ ಇದೆ. ಕರಿಬೇವು ಎಣ್ಣೆಗೆ ಬಿದ್ದದ್ದು, ಅತ್ತೆಯ ಸೀರೆಯ ಕರ್ಪೂರ, ಪ್ರಣೀತಾ ಮಗುವಾಗಿದ್ದಾಗಿನ ತಲೆ. ನಾನು ಮಂಜಿನಲ್ಲಿ ನಡೆಯುತ್ತಿದ್ದೆ, ಆ ಕಂದು ಕುದುರೆ ಮುಂದೆ ಹೋಗುತ್ತಿತ್ತು, ಅದು ಕಾಲಿಟ್ಟಲ್ಲೆಲ್ಲ ಒಂದೊಂದು ವಾಸನೆ ಏಳುತ್ತಿತ್ತು. ಎಚ್ಚರವಾದಾಗ ಪಕ್ಕದ ಮನೆಯವರು ಮೀನು ಕರಿಯುತ್ತಿದ್ದರು. ಸದ್ದು ಕೇಳಿಸಿತು, ಅಷ್ಟೇ. ಮೂವತ್ತೊಂದು ವರ್ಷ ಆ ವಾಸನೆಗೆ ಬೈದಿದ್ದೇನೆ. ಇವತ್ತು ಅದಕ್ಕಾಗಿ ಕಿಟಕಿಯಲ್ಲಿ ನಿಂತು ಅತ್ತುಬಿಟ್ಟೆ.

ಜನವರಿ ೪, ಭಾನುವಾರ

ಇವರು ಕೊನೆಗೂ ಬಾಯಿ ಬಿಟ್ಟರು. ವಿನಾಯಕನಿಗೆ ಫೋನ್ ಮಾಡಿ ಆಗಿದೆಯಂತೆ. ಸಂಕ್ರಾಂತಿ ಕಳೆದ ಮೇಲೆ ಬರುತ್ತೇನೆ ಎಂದಿದ್ದಾನಂತೆ.

"ಯಾಕೆ?" ಎಂದೆ.

"ನೀನು ಸೊರಗಿದ್ದೀ. ಎಂತದೋ ಯೋಚನೆಯಲ್ಲಿ ಇರ್ತೀ. ಸ್ವಲ್ಪ ಕೂತ್ಕೋ ಅಂತ."

"ಅಡುಗೆ ಕೆಟ್ಟಿದೆ ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ. ಮೆಸ್ಸಿನಲ್ಲಿ ಯಾರೂ ಹೇಳ್ಲಿಲ್ಲ" ಎಂದರು. 'ಮೆಸ್ಸಿನಲ್ಲಿ' ಎಂಬುದನ್ನು ಯಾಕೆ ಒತ್ತಿ ಹೇಳಿದರೋ.

"ದೋಣಿಯ ಅಡುಗೆ ಆಗ್ಲಿ" ಎಂದೆ. "ಅದು ಕೆಟ್ಟರೆ ನಾನೇ ಅವನಿಗೆ ಟಿಕೆಟ್ ತೆಗೆಸ್ತೇನೆ. ಕೆಡದಿದ್ರೆ ಅವನು ಅಲ್ಲೇ ಇರ್ಲಿ."

ಇವರು ತಲೆಯಾಡಿಸಿದರು. ಹೇಳುವುದೇನೋ ಹೇಳಿಬಿಟ್ಟೆ. ದೋಣಿಗೆ ಇನ್ನು ಏಳೇ ದಿನ.

ಜನವರಿ ೮, ಗುರುವಾರ

ನೊಲೆನ್ ಗುಡ್ ಬಂತು. ಖರ್ಜೂರದ ಮರದ ಹೊಸ ಬೆಲ್ಲ, ಮಡಕೆಯಲ್ಲಿ. ಪ್ರಣೀತಾ ಮುಚ್ಚಳ ತೆಗೆದು ಕಣ್ಣು ಮುಚ್ಚಿಕೊಂಡಳು. ನಾನೂ ಮುಚ್ಚಿಕೊಂಡೆ, ಅವಳು ನೋಡುತ್ತಿದ್ದಳಲ್ಲ.

ಜನವರಿ ೧೧, ಭಾನುವಾರ

ಎಲ್ಲ ಬರೆಯಬೇಕು. ನಿದ್ದೆ ಆಮೇಲೆ.

ಏಳಕ್ಕೆ ಬ್ಯಾರಕ್‌ಪುರದ ಘಾಟಿನಲ್ಲಿದ್ದೆವು. ಸುಂದರಬನಕ್ಕೆ ಪ್ರವಾಸಿಗರನ್ನು ಒಯ್ಯುವ ಹಳೆಯ ಲಾಂಚು. ಮೇಲೆ ಕುರ್ಚಿಗಳು, ಹೊಟ್ಟೆಯೊಳಗೆ ಪುಟ್ಟ ಅಡುಗೆಮನೆ, ಅದಕ್ಕೆ ಇಳಿಯಲು ಏಣಿಯಂಥ ಆರು ಮೆಟ್ಟಿಲು. ಕೃಷ್ಣನ ಚಿಕ್ಕ ಪಟವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ, ಅದನ್ನು ಹಲಗೆಯ ಮೇಲಿಟ್ಟೆ. ಶೀನ ಪಾತ್ರೆಗಳನ್ನೆಲ್ಲ ಇಳಿಸಿಕೊಟ್ಟು ಮೇಲೆ ಹೋಗಿ ಮೊದಲ ಮೆಟ್ಟಿಲಲ್ಲಿ ಕೂತ. ಹೊಸ್ತಿಲು ಇಲ್ಲದಲ್ಲಿಯೂ ಅವನಿಗೊಂದು ಹೊಸ್ತಿಲು ಸಿಗುತ್ತದೆ.

ಹಿರಿಯಣ್ಣನವರು ಕೋಟು ಹಾಕಿ, ಹೆಂಡತಿ ಶೋಭಾ ಕೊಟ್ಟ ಹೊಸ ಟೊಪ್ಪಿ ಇಟ್ಟು, ಮದುಮಗನ ಹಾಗೆ ನಿಂತಿದ್ದರು. ಲಾಂಚು ಹೊರಟು ಅರ್ಧ ಗಂಟೆಯಾಗಿರಬಹುದು, ಮಂಜು ಕವಿದು ದಡಗಳೆರಡೂ ಅಳಿಸಿಹೋದವು. ಲಾಂಚು ನಡೆಸುವ ಮಾಝಿ "ಕುಯಾಶಾ, ಕುಯಾಶಾ" ಎಂದು ಎಂಜಿನ್ ನಿಲ್ಲಿಸಿ ಲಂಗರು ಬಿಟ್ಟ.

ಅಂಥ ಮೌನವನ್ನು ಈ ಊರಲ್ಲಿ ನಾನು ಕೇಳಿಯೇ ಇರಲಿಲ್ಲ. ಹೊಳೆ ಇದೆಯೋ ಇಲ್ಲವೋ. ಯಾವುದೋ ದಡದಲ್ಲಿ ಶಂಖ ಊದಿದರು, ಅದು ಯಾವ ಕಡೆಯಿಂದ ಬಂತೆಂದು ತಿಳಿಯಲಿಲ್ಲ. ಕಿಂಡಿಯಲ್ಲಿ ನೀರಿನ ಅಂತರಗಂಗೆ ಬಳ್ಳಿಗಳು ತೇಲಿ ಬಂದವು, ತೇಲಿ ಹೋದವು. ನನಗೆ ನಾವೆಲ್ಲ ನನ್ನ ಏಕಾದಶಿಯ ಕನಸಿನೊಳಗೆ ಇದ್ದೇವೆ, ಇನ್ನೇನು ವಾಸನೆ ಬರುತ್ತದೆ ಎನಿಸಿತು. ಬರಲಿಲ್ಲ. ಹಾಲು ಕುದಿಯುತ್ತಿತ್ತು.

"ಸಾರಿಗೆ ಉಪ್ಪು ಸಾಕಮ್ಮ" ಎಂದ ಶೀನ ಮೇಲಿಂದ. ಸ್ವಲ್ಪ ಹೊತ್ತಿಗೆ, "ಪಾಯಸದ ಅಕ್ಕಿ ಬೆಂದ ವಾಸನೆ ಬಂತು."

"ಮಂಜು ನೋಡು ಶೀನ, ಇಂಥದ್ದು ಹುಟ್ಟಿದ ಮೇಲೆ ನೋಡಿಲ್ಲ ನೀನು" ಎಂದೆ.

"ಮಂಜು ಎಲ್ಲಿಗೂ ಹೋಗುದಿಲ್ಲ ಅಮ್ಮ."

ಹೋಯಿತು. ಬಿಸಿಲು ಬಿತ್ತು, ಎಂಜಿನ್ ಒಮ್ಮೆಲೇ ಗುಡುಗಿತು, ನಾನು ನಿಂತ ಹಲಗೆಯೂ ಪಾತ್ರೆಗಳೂ ಅದುರತೊಡಗಿದವು. ಎಂಜಿನ್ ಪಕ್ಕದ ಗೋಡೆಯಾಚೆಗೇ ಇತ್ತು. ನನ್ನ ಮಾತೇ ನನಗೆ ಕೇಳಿಸುತ್ತಿರಲಿಲ್ಲ. ಕಿಂಡಿಯಾಚೆ ಇಟ್ಟಿಗೆ ಭಟ್ಟಿಯ ಚಿಮಣಿಗಳು ಸರಿದವು, ಮುಚ್ಚಿದ ಸೆಣಬಿನ ಮಿಲ್ಲುಗಳು ಸರಿದವು. ಎಷ್ಟೋ ಹೊತ್ತಿನ ಮೇಲೆ ಕುಮಾರಟುಲಿಯ ಘಾಟು ಬಂತು. ಬರುವ ಸರಸ್ವತಿ ಪೂಜೆಯ ಮೂರ್ತಿಗಳು, ಹುಲ್ಲಿನ ಮೈ, ಮಣ್ಣಿನ ಕೈ, ತಲೆ ಇನ್ನೂ ಇಟ್ಟಿಲ್ಲ. ಸಾಲಾಗಿ ನಿಂತು ಬಿಸಿಲು ಕಾಯಿಸುತ್ತಿದ್ದವು. ಮುಖವಿಲ್ಲ, ಮೂಗಿಲ್ಲ, ಆದರೂ ಅವನ್ನು ದೇವರೆಂದೇ ಹೊರುತ್ತಾರೆ. ಅದನ್ನೇ ನೋಡುತ್ತ ನಿಂತುಬಿಟ್ಟೆ.

ತಿರುಗಿದರೆ ಶೀನ ಕೊನೆಯ ಮೆಟ್ಟಿಲಿನವರೆಗೂ ಇಳಿದಿದ್ದಾನೆ. ಒಂದು ಕಾಲು ಗಾಳಿಯಲ್ಲಿದೆ. ಹೆಗಲ ಬೈರಾಸು ಬೀಸುತ್ತಿದ್ದಾನೆ, ಬಾಯಿ ಆಡುತ್ತಿದೆ, ಏನೂ ಕೇಳಿಸುವುದಿಲ್ಲ. ಮೇಲೆ ಏನೋ ನೋಡಲು ಕರೆಯುತ್ತಿದ್ದಾನೆ ಎಂದುಕೊಂಡು ನಕ್ಕೆ. ಆಗ ಅವನು ಮೂಗು ಮುಟ್ಟಿಕೊಂಡ. ಪಾಯಸದ ಪಾತ್ರೆಯ ಕಡೆ ಬೆರಳು ಮಾಡಿದ. ಮತ್ತೆ ಮೂಗು ಮುಟ್ಟಿಕೊಂಡ.

ಹಾಲು ತಳ ಹಿಡಿದಿದೆ. ನನಗೆ ಹೊಳೆದದ್ದು ಅದೊಂದೇ ಅಲ್ಲ. ಸಾಸಿವೆ ಆಯ್ತಮ್ಮ, ಚಿಟಿಕೆ ಉಪ್ಪು ಬೇಕಾ ಅಂತ, ಬದಿಯಲ್ಲಿ ಹಿಡೀತಾ ಉಂಟು. ಈ ಮನುಷ್ಯ ಮಾತುಗಾರನಾದದ್ದಲ್ಲ. ಇಷ್ಟು ದಿನ ಹೊಸ್ತಿಲಾಚೆ ಕೂತು ನನಗೆ ವಾಸನೆಗಳನ್ನು ಓದಿ ಹೇಳುತ್ತಿದ್ದ. ನಾನು ಗದರಿದ್ದೆ.

"ಇಳಿ" ಎಂದು ಕೈ ಮಾಡಿದೆ. ಅವನು ಕೃಷ್ಣನ ಪಟ ನೋಡಿ ತಲೆಯಲ್ಲಾಡಿಸಿದ. ನಾನು ಹತ್ತಿರ ಹೋಗಿ ಅವನ ಕಿವಿಗೇ ಕೂಗಿದೆ: "ಮಾರಾಯ, ದೋಣಿಗೆ ಎಂತ ಮಡಿ? ಹಾಲು ಹೋಗ್ತದೆ."

ಇಳಿದ. ಬೈರಾಸಿನಲ್ಲಿ ಪಾತ್ರೆ ಹಿಡಿದು ಒಂದೇ ಎತ್ತಿಗೆ ಒಲೆಯಿಂದ ಎತ್ತಿದ. ತಳ ಕೆರೆಯದೆ ಮೇಲಿನದ್ದನ್ನಷ್ಟೇ ಬೇರೆ ಪಾತ್ರೆಗೆ ಹೊಯ್ದ. ಆಮೇಲೆ ಬಾಗಿ, ಹಬೆಗೆ ಮುಖ ಕೊಟ್ಟು, ಆ ಲಾಯದ ಕುದುರೆಯ ಹಾಗೆ ಉದ್ದಕ್ಕೆ ಉಸಿರೆಳೆದ. ನಾನು ಡಾಕ್ಟರ ಮುಂದೆ ಕೂತವಳಂತೆ ಕಾದೆ.

"ಸ್ವಲ್ಪ ಹೊಗೆ ಉಂಟು" ಎಂದು ನನ್ನ ಕಿವಿಯ ಹತ್ತಿರ ಕೂಗಿದ. "ಬೆಲ್ಲ ಬಿದ್ರೆ ಅಷ್ಟು ಗೊತ್ತಾಗ್ಲಿಕ್ಕಿಲ್ಲ. ಹಾಲು ತಣಿದ ಮೇಲೆ ಹಾಕಿ, ಇಲ್ಲದಿದ್ರೆ ಒಡೆದೀತು."

"ಯಾವಾಗಿಂದ ಗೊತ್ತು ನಿನಗೆ?"

"ದೀಪಾವಳಿ ಕಳೆದ ವಾರ. ಸೀದ ಪಲ್ಯದ ಎದುರು ನಿಂತು ನೀವು ದೇವರನಾಮ ಹೇಳ್ತಾ ಇದ್ರಿ ಅಮ್ಮ."

ನೈವೇದ್ಯವಾಯಿತು, ಎಲೆ ಹಾಕಿ ಬಡಿಸಿದೆವು. ಹೌರಾ ಸೇತುವೆಯ ನೆರಳು ಎಲ್ಲರ ಎಲೆಗಳ ಮೇಲೆ ಹಾದುಹೋಯಿತು. ಪಾಯಸ ಹೇಗಿದೆ ಎಂದು ಕೇಳಿದೆ. ಎಲ್ಲರೂ ಒಂದೇ ಬಾಯಲ್ಲಿ "ಚೆನ್ನಾಗಿದೆ" ಎಂದರು. ಪ್ರಸಾದಕ್ಕೆ ಹೆಸರಿಡುವ ಹಾಗಿಲ್ಲವಲ್ಲ. ಆ ಪದ್ಧತಿಯನ್ನು ಅವರಿಗೆಲ್ಲ ಕಲಿಸಿದ್ದೂ ನಾನೇ.

"ನಿಜ ಹೇಳಿ" ಎಂದೆ. "ಪೂಜೆಯ ಜ್ವರದಿಂದ ನನಗೆ ವಾಸನೆ ಇಲ್ಲ, ರುಚಿ ಇಲ್ಲ. ಈ ಅಡುಗೆಯ ಮೂಗು ಶೀನನದ್ದು." ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು. ಇಪ್ಪತ್ತೆರಡು ಜನರ ಮುಂದೆ, ಸೌಟು ಹಿಡಿದು.

ಮೊದಲು ಮಾತಾಡಿದವರು ಇವರು. ಎಲೆಯಿಂದ ತಲೆ ಎತ್ತಲಿಲ್ಲ. "ಧನುರ್ಮಾಸ ಶುರುವಾದಲ್ಲಿಂದ ಹುಗ್ಗಿಗೆ ಉಪ್ಪಿಲ್ಲ. ಒಂದು ದಿನ ಮಾತ್ರ ಇತ್ತು, ಆವತ್ತು ಎರಡು ಸಲ ಬಿದ್ದಿತ್ತು."

"ಹೇಳ್ಬಾರ್ದಿತ್ತಾ?"

"ದೇವರೇ ಸುಮ್ಮನೆ ತಿಂದಿದ್ದಾನೆ. ನಾನು ಎಂತ ಹೇಳುದು."

ಪ್ರಣೀತಾ ಬ್ಯಾಗು ತೆರೆದು ಚಿಕ್ಕ ಚಿಕ್ಕ ಪೊಟ್ಟಣಗಳನ್ನು ತೋರಿಸಿದಳು. "ಅಮ್ಮಾ, ಐ ಮೀನ್, ನಾನು ಫ್ಲೈಟ್‌ದು ಸಾಲ್ಟ್ ಇಟ್ಕೊಂಡಿದ್ದೆ. ಡೈಲಿ ಪೂಜೆ ಆದ್ಮೇಲೆ ಮೆಲ್ಲ ಹಾಕೊಳ್ಳೋದು. ನೀನು ಸ್ಯಾಡ್ ಆಗ್ತೀರಿ ಅಂತ."

ಹಿರಿಯಣ್ಣನವರು ಮಾತ್ರ ತಮ್ಮ ಬಟ್ಟಲು ಮುಂದೆ ಚಾಚಿದರು. "ಹೊಗೆ ಇದೆ ಮುಕ್ತಾ ಅವರೇ, ಸುಳ್ಳು ಹೇಳಲ್ಲ. ಇನ್ನೊಂದ್ಸಲ ಹಾಕಿ."

ಬಾಬುಘಾಟಿನಲ್ಲಿ ಗಂಗಾಸಾಗರಕ್ಕೆ ಹೊರಟ ಸಾಧುಗಳು ಬೀಡುಬಿಟ್ಟಿದ್ದರು. ಬೂದಿ ಬಳಿದ ಮೈಗಳ ಮಧ್ಯೆ, ಹೊಗೆಯ ಮಧ್ಯೆ, ಟೊಪ್ಪಿ ಹಾಕಿದ ಹಿರಿಯಣ್ಣನವರ ಹಿಂದೆ ನಾವೆಲ್ಲ ಸಾಲಾಗಿ ನಡೆದೆವು. ಒಬ್ಬ ಸಾಧು ಅವರನ್ನು ತಡೆದು ಯಾವ ಕುದುರೆ ಎಂದು ಕೇಳಿದ. ಹಿರಿಯಣ್ಣನವರು ಹೇಳಿದರು. ಅವನು ಯೋಚಿಸಿ, ಆಗಬಹುದು ಎಂದ.

ಡರ್ಬಿ ಎರಡೂವರೆ ನಿಮಿಷ. ಅದಕ್ಕಾಗಿ ಇಷ್ಟು ಜನ, ಇಷ್ಟು ದಿನ. ಓಟಕ್ಕೆ ಮೊದಲು ಕುದುರೆಗಳನ್ನು ಸುತ್ತು ಹಾಕಿಸುವಲ್ಲಿ ಬೇಲಿಗೆ ಒರಗಿ ನಿಂತೆವು. ಹಿರಿಯಣ್ಣನವರು ಹಣ ಕಟ್ಟಿದ್ದ ವಿಂಟರ್ ಲೆಟರ್ ಎಂಬ ಕಂದು ಹೆಣ್ಣುಕುದುರೆ ಶೀನನ ಎದುರು ಬಂದಾಗ ನಿಂತುಬಿಟ್ಟಿತು, ಹೊಳ್ಳೆ ಅರಳಿಸಿ ಕತ್ತು ಚಾಚಿತು. ಅವನ ಬೈರಾಸಿನ ತುಂಬ ಬೆಲ್ಲ. ಆಮೇಲೆ ಓಡಿತು, ನಾಲ್ಕನೆಯದಾಗಿ ಬಂತು. ಸಂಜೆಯ ಬಿಸಿಲಲ್ಲಿ ಎಲ್ಲ ಕುದುರೆಗಳೂ ಬಂಗಾರದ ಬಣ್ಣವಾಗಿದ್ದವು, ನಾನು ಸೋತವೆಷ್ಟು ಗೆದ್ದವೆಷ್ಟು ಎಂದು ನೋಡಲಿಲ್ಲ. ಹಿರಿಯಣ್ಣನವರು ಟೊಪ್ಪಿ ತೆಗೆದು ತಮ್ಮ ಕುದುರೆಗೆ ನಮಸ್ಕಾರ ಮಾಡಿದರು.

ಬರುವಾಗ ಟ್ಯಾಕ್ಸಿಯಲ್ಲಿ ಇವರು ವಿನಾಯಕನ ಸುದ್ದಿ ಎತ್ತಲಿಲ್ಲ. ಪಾಯಸ ಕೆಟ್ಟಿತೆಂದು ಲೆಕ್ಕವೋ, ಕೆಡಲಿಲ್ಲವೆಂದು ಲೆಕ್ಕವೋ? ನಾನೂ ಎತ್ತಲಿಲ್ಲ.

ಜನವರಿ ೧೨, ಸೋಮವಾರ

ಬೆಳಿಗ್ಗೆ ಹುಗ್ಗಿ ಇಟ್ಟು ಕೂತಾಗ ಇವರು ತಾವೇ ಉಪ್ಪಿನ ಭರಣಿ ತಂದು ಪಕ್ಕದಲ್ಲಿಟ್ಟುಕೊಂಡರು. ಗುಟ್ಟು ಮುಗಿದಿದೆ, ಉಪ್ಪು ಮಾತ್ರ ಇನ್ನೂ ಇಲ್ಲ.

ಜನವರಿ ೧೩, ಮಂಗಳವಾರ

ನಾಳೆ ಸಂಕ್ರಾಂತಿಯೂ ಏಕಾದಶಿಯೂ ಒಟ್ಟಿಗೆ ಬಂದಿವೆ. ಹಾಗಾಗಿ ಈ ವರ್ಷದ ಕೊನೆಯ ಹುಗ್ಗಿ ಇವತ್ತೇ. ಕೊನೆಯದಾದರೂ ಸರಿಯಿರಲಿ ಎಂದು ನಸುಕಿನಲ್ಲಿ ಕೆಳಗಿಳಿದು ಮೆಸ್ಸಿನ ಹಿಂದಿನ ಕೋಣೆಯ ಬಾಗಿಲು ತಟ್ಟಿದೆ. ಶೀನ ತಣ್ಣೀರು ಹೊಯ್ದುಕೊಂಡು, ಒಗೆದ ಪಂಚೆ ಉಟ್ಟು, ಮಹಡಿಗೆ ಬಂದು ದೇವರ ಅಡುಗೆಕೋಣೆಯ ಹೊಸ್ತಿಲಾಚೆ ನಿಂತ.

"ಅಲ್ಲಿಂದ ಹೇಳಿದ್ರೆ ನನಗೆ ಕೇಳುದಿಲ್ಲ" ಎಂದೆ.

"ಇಲ್ಲಿ ಎಂಜಿನ್ ಇಲ್ವಲ್ಲ ಅಮ್ಮ."

"ಕಿವಿಯೂ ಮಂದ ಆಗಿದೆ. ಒಳಗೆ ಬಾ."

ಬಂದ. ಗೋಡೆಗೆ ಅಂಟಿಕೊಂಡು ನಿಂತಿದ್ದವನು ಹಬೆ ಏಳುತ್ತಿದ್ದಂತೆ ತಾನಾಗಿ ಹತ್ತಿರ ಬಂದ. "ಶುಂಠಿ ಬಂತು. ಮೆಣಸು ಬಂತು. ಉಪ್ಪು ಇಲ್ಲ." ಹಾಕಿದೆ. "ಇನ್ನು ಸ್ವಲ್ಪ." ಹಾಕಿದೆ. "ಸಾಕು" ಎಂದ. ಆ 'ಸಾಕು' ಕೇಳಿ ನನ್ನ ಭುಜಗಳು ಕೆಳಗಿಳಿದವು. ಎರಡೂವರೆ ತಿಂಗಳಿಂದ ಅವನ್ನು ಎತ್ತಿಕೊಂಡೇ ಇದ್ದೆನೇನೋ.

ಇವರು ಮಡಿಯುಟ್ಟು ಬಾಗಿಲಿಗೆ ಬಂದರು. "ಒಳಗೆ ಯಾರು?"

"ನನ್ನ ಮೂಗು" ಎಂದೆ.

ನಿಂತರು. ಶೀನನನ್ನು ನೋಡಿದರು, ಕೃಷ್ಣನನ್ನು ನೋಡಿದರು, ಹೊಸ್ತಿಲನ್ನೂ ನೋಡಿದರು. ಶೀನ ಹೊರಗೆ ಹೆಜ್ಜೆ ಇಡಲು ಹೊರಟ, ನಾನು ಅವನ ಕೈಗೆ ತುಪ್ಪದ ಗಿಂಡಿ ಕೊಟ್ಟೆ. ಇವರು ಪೂಜೆಗೆ ಕೂತರು, ಗಂಟೆ ಎತ್ತಿದರು. ಪೂಜೆ ಮುಗಿಸಿ ಎದ್ದು, "ವಿನಾಯಕನಿಗೆ ಬರುದು ಬೇಡ ಅಂತ ಹೇಳ್ತೇನೆ" ಎಂದು ಶಾಲು ಸರಿಪಡಿಸಿಕೊಂಡರು.

ಆಮೇಲೆ ಎಲೆ ಹಾಕಿದೆ. ಶೀನನ ಎಲೆ ಎಲ್ಲಿ ಹಾಕಬೇಕೆಂದು ಯೋಚಿಸಿರಲಿಲ್ಲ. ಹಾಕಿಯಾದ ಮೇಲೆ ನೋಡಿದರೆ ಇವರ ಪಕ್ಕದಲ್ಲೇ ಹಾಕಿದ್ದೆ. ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡರು. ಯಾರೂ ಉಪ್ಪಿನಕಾಯಿ ಕೇಳಲಿಲ್ಲ.